ಶ್ರೀನಿವಾಸಪುರದ ಮಾವಿನ ತೋಟದ ರಿಸೀವರ್: ಬ್ಯಾಟರಿ ಬೇಗ ಇಳಿಯುವುದಕ್ಕೆ ಪರಿಹಾರ

ಟ್ಯಾಂಕಿನ ನೀರಿನ ಮಟ್ಟವನ್ನು ರೇಡಿಯೊದಲ್ಲಿ ಕೇಳುವ ನಿಮ್ಮ ರಿಸೀವರ್‌ನ ಬ್ಯಾಟರಿ ಎರಡೇ ದಿನಕ್ಕೆ ಖಾಲಿಯಾಗಲು ಬಹುಶಃ ಅದನ್ನು ನಡೆಸುವ ಆರ್ಡುಯಿನೊ ಉನೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡೇ ಕಾರಣ, ರೇಡಿಯೊ ಅಲ್ಲ. ಅದರ ಯುಎಸ್‌ಬಿ ಚಿಪ್, ವೋಲ್ಟೇಜ್ ಹದಕ್ಕೆ ತರುವ ರೆಗ್ಯುಲೇಟರ್ ಸುಮ್ನೆ ಇದ್ದರೂ ಕರೆಂಟ್ ಎಳೆಯುತ್ತವೆ.

ಮೊದಲು ಬೋರ್ಡ್ ಬಿಟ್ಟು, ಅದರ ಮುಖ್ಯ ಚಿಪ್ಪಾದ ಎಟಿಮೆಗಾ328ಪಿಯನ್ನು ಮಾತ್ರ 3.3 ವೋಲ್ಟ್, 8 ಮೆಗಾಹರ್ಟ್ಸ್‌ನಲ್ಲಿ ಓಡಿಸಿ. ರೆಗ್ಯುಲೇಟರ್ ಎಚ್‌ಟಿ7333 ಇರಲಿ. ಎಎಂಎಸ್1117 ಬೇಡವೇ ಬೇಡ, ಅದೊಂದೇ ಸುಮಾರು 5 ಮಿಲಿಆಂಪ್ ತಿನ್ನುತ್ತದೆ.

ಆಮೇಲೆ ರೇಡಿಯೊ. ಅಗ್ಗದ 433 ಮೆಗಾಹರ್ಟ್ಸ್ ರೇಡಿಯೊ ಮಾಡ್ಯೂಲಿನಲ್ಲಿ ನಾಯ್ಸ್ (ಬೇಡದ ಸಿಗ್ನಲ್) ಜಾಸ್ತಿ. ಎರಡೂ ಕಡೆ ಎಸ್‌ಎಕ್ಸ್1276 ಲೋರಾ (ಕಡಿಮೆ ಕರೆಂಟಿನಲ್ಲಿ ದೂರ ಕಳಿಸುವ ರೇಡಿಯೊ) ಮಾಡ್ಯೂಲ್ ಹಾಕಿ, ಲೈಸೆನ್ಸ್ ಬೇಡದ 865–867 ಮೆಗಾಹರ್ಟ್ಸ್‌ಗೆ ಹೊಂದಿಸಿ. ಕೇಳುವಾಗ ಸುಮಾರು 11 ಮಿಲಿಆಂಪ್, ಸ್ಲೀಪ್‌ನಲ್ಲಿ 1 ಮೈಕ್ರೋಆಂಪಿಗೂ ಕಡಿಮೆ. ಹಾಗಾಗಿ ಸದಾ ಕೇಳಿಸಬೇಡಿ. ಎರಡು ಸೆಕೆಂಡಿಗೊಮ್ಮೆ ಎಬ್ಬಿಸಿ ಸಿಗ್ನಲ್ ಇದೆಯಾ ನೋಡಿಸಿ. ಕಳಿಸುವ ಕಡೆ ಪ್ರಿಆಂಬಲ್ (ಸಂದೇಶಕ್ಕೆ ಮುಂಚೆ ಹೋಗುವ ಸಿಗ್ನಲ್) ಆ ಎರಡು ಸೆಕೆಂಡಿಗಿಂತ ಉದ್ದ ಇರಬೇಕು.

ಆಂಟೆನಾಗೆ 8.2 ಸೆಂಟಿಮೀಟರ್ ನೇರ ತಂತಿ ಸಾಕು. ಮರಗಳು ದಟ್ಟವಾಗಿದ್ದರೆ ಎಷ್ಟು ದೂರ ಸಿಗುತ್ತದೆ ಅನ್ನುವುದನ್ನು ತೋಟದಲ್ಲೇ ನೋಡಬೇಕು. ಸಿಗದಿದ್ದರೆ ಆಂಟೆನಾ ಎತ್ತರಿಸಿ.