ಅಜ್ಜಿಯ ಸೇನಾ ದಾಖಲೆ ಬಳ್ಳಾರಿಯಲ್ಲಿ ಯಾಕೆ ಸಿಗುತ್ತಿಲ್ಲ?

ಅಜ್ಜಿಯ ಹಳೇ ಫೋಟೋ, ಟ್ರಂಕಿನಲ್ಲಿ ಪದಕ ಇದ್ದರೂ ಬಳ್ಳಾರಿಯ ಸೈನಿಕ ಕಲ್ಯಾಣ ಕಚೇರಿಯಲ್ಲಿ ಅವರ ಹೆಸರು ಸಿಗ್ತಿಲ್ಲ ಅಂತ ಕೇಳಿದ್ದೀರಿ. ಕಾರಣ ಬಹುಶಃ ಇದು: ಫೋಟೋದಲ್ಲಿ ಖಾಕಿ ಸೀರೆ, ಭುಜದ ಮೇಲೆ ‘ಡಬ್ಲ್ಯೂಎಸಿ’ ಇದೆ ಅಂದ್ರೆ ಅವರಿದ್ದದ್ದು ವಿಮೆನ್ಸ್ ಆಕ್ಸಿಲರಿ ಕೋರ್‌ನಲ್ಲಿ, ಅಂದ್ರೆ ಸೇನೆಯ ಮಹಿಳಾ ಸಹಾಯಕ ಪಡೆಯಲ್ಲಿ. 1942ರಲ್ಲಿ ಶುರುವಾದ ಆ ಪಡೆ ಎರಡನೇ ಮಹಾಯುದ್ಧ ಮುಗಿದ ಮೇಲೆ ಉಳಿಯಲಿಲ್ಲ.

ಮೊದಲು ಟ್ರಂಕಿನಲ್ಲಿರುವ ಪದಕ ನೋಡಿ. ಮುಖ ಅಲ್ಲ, ಅಂಚು. ಭಾರತೀಯರಿಗೆ ಕೊಟ್ಟ ಪದಕಗಳಲ್ಲಿ ಸಾಮಾನ್ಯವಾಗಿ ಸೇನಾ ನಂಬರು, ಹೆಸರು ಅಲ್ಲೇ ಇರುತ್ತೆ. ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ, ಅಕ್ಷರ ಸವೆಯುತ್ತೆ. ಓರೆ ಬೆಳಕಲ್ಲಿ ಮೊಬೈಲ್‌ನಿಂದ ಫೋಟೋ ತೆಗೆದು ದೊಡ್ಡದು ಮಾಡಿ ಓದಿ. ಆಮೇಲೆ ಮದುವೆಗೆ ಮುಂಚಿನ ಹೆಸರು, ಇನಿಷಿಯಲ್ ಸಮೇತ, ಬರೆದುಕೊಳ್ಳಿ. ನಮ್ಮ ದೊಡ್ಡಮ್ಮನದು ಸಿಕ್ಕಿದ್ದೇ ಆ ಹೆಸರಲ್ಲಿ.

ಅಧಿಕಾರಿಯಾಗಿದ್ದರೆ ಸರ್ಕಾರದ ಅಧಿಕೃತ ಪತ್ರಿಕೆಯಾದ ಗೆಜೆಟ್ ಆಫ್ ಇಂಡಿಯಾದ ಹಳೇ ಸಂಚಿಕೆ ತಿರುವಿ ಹಾಕಿ. ಬೆಂಗಳೂರಿಗೆ ಸುಮ್ನೆ ಓಡಬೇಡಿ, ಆಗ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು ಅಲ್ವಾ? ನಂಬರು ಸಿಕ್ಕ ಮೇಲೆ ದೆಹಲಿಯ ರಾಷ್ಟ್ರೀಯ ಪತ್ರಾಗಾರಕ್ಕೂ ಚೆನ್ನೈ ಪತ್ರಾಗಾರಕ್ಕೂ ಒಂದೊಂದು ಪತ್ರ ಹಾಕಿ.