ಅಮೆರಿಕದ ಲ್ಯಾಬ್ ಪ್ರಮಾಣಪತ್ರ ಬೇರೆ ದೇಶಗಳಲ್ಲಿ ನಡೆಯುತ್ತದೆಯೇ?

ವೈದ್ಯಕೀಯ ಪ್ರಯೋಗಾಲಯ ತಂತ್ರಜ್ಞಾನದಲ್ಲಿ ಪದವಿ ಮುಗಿಸಿದ ನೀವು, ಲ್ಯಾಬ್ ಸಿಬ್ಬಂದಿಗೆ ಪ್ರಮಾಣಪತ್ರ ಕೊಡುವ ಅಮೆರಿಕದ ವೃತ್ತಿಪರ ಸಂಘವಾದ ಎಎಸ್‌ಸಿಪಿಯ ಪರೀಕ್ಷೆ ಬರೆದರೆ ಬ್ರಿಟನ್, ಕೆನಡಾಗಳಲ್ಲೂ ಕೆಲಸ ಮಾಡಬಹುದೇ ಎಂದು ಕೇಳಿದ್ದೀರಿ. ಅದೊಂದರಿಂದಲೇ ಆಗುವುದಿಲ್ಲ. ಪ್ರಮಾಣಪತ್ರ ಬೇರೆ, ಕೆಲಸ ಮಾಡುವ ಪರವಾನಗಿ ಬೇರೆ. ಎರಡೂ ಒಂದೇ ಎಂದುಕೊಂಡು ಹಣ, ಸಮಯ ಕಳೆದುಕೊಂಡ ಸಹೋದ್ಯೋಗಿಗಳನ್ನು ನೋಡಿದ್ದೇನೆ.

ಎಎಸ್‌ಸಿಪಿ ಸರ್ಕಾರಿ ಸಂಸ್ಥೆಯಲ್ಲ. ಅಮೆರಿಕದ 1988ರ ಕ್ಲಿಯಾ ಕಾನೂನು ಪ್ರಯೋಗಾಲಯದ ಸಿಬ್ಬಂದಿಗೆ ಕನಿಷ್ಠ ಅರ್ಹತೆ ನಿಗದಿ ಮಾಡುತ್ತದೆಯೇ ಹೊರತು ಈ ಪ್ರಮಾಣಪತ್ರವೇ ಬೇಕು ಎನ್ನುವುದಿಲ್ಲ. ಅದನ್ನು ಕೇಳುವವರು ಕೆಲಸ ಕೊಡುವ ಆಸ್ಪತ್ರೆಗಳು. ಕ್ಯಾಲಿಫೋರ್ನಿಯ, ನ್ಯೂಯಾರ್ಕ್‌ನಂಥ ರಾಜ್ಯಗಳಲ್ಲಿ ರಾಜ್ಯದ ಪರವಾನಗಿಯೂ ಬೇಕು. ಎಎಸ್‌ಸಿಪಿ ಪರೀಕ್ಷೆಯಲ್ಲಿ 100 ಪ್ರಶ್ನೆ, ಎರಡೂವರೆ ಗಂಟೆ. ಸರಿಯುತ್ತರ ಕೊಟ್ಟ ಹಾಗೆಲ್ಲ ಪ್ರಶ್ನೆಗಳು ಬಿಗಿಯಾಗುತ್ತವೆ. ನಾನು ಬರೆದ ದಿನ ಅರ್ಧ ದಾರಿಯಲ್ಲೇ ಎದೆಗುಂದಿದ್ದೆ, ಆದರೆ ತೇರ್ಗಡೆಯಾದೆ. ಪ್ರಶ್ನೆ ಕಠಿಣವಾದರೆ ಗಾಬರಿಯಾಗಬೇಡಿ.

ಬ್ರಿಟನ್ನಿನ ದಾರಿಯೇ ಬೇರೆ. ಅಲ್ಲಿನ ಆರೋಗ್ಯ ವೃತ್ತಿಗಳ ನಿಯಂತ್ರಣ ಸಂಸ್ಥೆಯಾದ ಎಚ್‌ಸಿಪಿಸಿಯಲ್ಲಿ ನೋಂದಣಿ ಇಲ್ಲದವರು ‘ಬಯೋಮೆಡಿಕಲ್ ಸೈಂಟಿಸ್ಟ್’ (ಈ ವೃತ್ತಿಗೆ ಅಲ್ಲಿರುವ ಹೆಸರು) ಎಂದು ಹೇಳಿಕೊಳ್ಳುವುದೇ ಕಾನೂನುಬಾಹಿರ. ಅಲ್ಲಿ ಓದಿದವರಿಗೆ ಒಂದು ದಿನದ ರಾಷ್ಟ್ರೀಯ ಪರೀಕ್ಷೆ ಇಲ್ಲ. ಮಾನ್ಯತೆ ಇರುವ ಪದವಿಯ ಜೊತೆಗೆ, ಪ್ರಯೋಗಾಲಯದಲ್ಲಿ ಮಾಡಿದ ಕೆಲಸದ ಪುರಾವೆಗಳನ್ನು ಕಡತವಾಗಿ ಜೋಡಿಸಬೇಕು. ಹೊರಗಿನ ಪರಿಶೀಲಕರು ಅದನ್ನು ಒರೆಗೆ ಹಚ್ಚುತ್ತಾರೆ. ಹೊರದೇಶದವರ ತರಬೇತಿ, ಅನುಭವಗಳನ್ನು ಎಚ್‌ಸಿಪಿಸಿ ತನ್ನ ಮಾನದಂಡಗಳ ಎದುರು ಇಟ್ಟು ತೂಗುತ್ತದೆ.

ನನ್ನ ಒಲವು ಈ ಪದ್ಧತಿಯ ಕಡೆಗೆ. ಒಂದು ಮಾದರಿಯಲ್ಲಿ ಪೊಟ್ಯಾಸಿಯಂ ವಿಪರೀತ ಹೆಚ್ಚು, ಕ್ಯಾಲ್ಸಿಯಂ ತೀರಾ ಕಡಿಮೆ ಬಂತು ಎನ್ನಿ. ನೇರಳೆ ಮುಚ್ಚಳದ ಟ್ಯೂಬಿನ ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ಹಾಕುವ, ಪೊಟ್ಯಾಸಿಯಂ ಇರುವ, ಕ್ಯಾಲ್ಸಿಯಂ ಹಿಡಿದಿಡುವ ರಾಸಾಯನಿಕ) ಬೆರೆತಿರಬೇಕು ಎಂಬ ಉತ್ತರವನ್ನು ಪರೀಕ್ಷೆಯಲ್ಲಿ ಗುರುತಿಸುವುದು ಕಷ್ಟವಲ್ಲ. ರಾತ್ರಿ ಪಾಳಿಯಲ್ಲಿ, ಹತ್ತಾರು ಮಾದರಿಗಳು ಕಾಯುತ್ತಿರುವಾಗ, ಆ ವರದಿಯನ್ನು ತಡೆಹಿಡಿದು ವಾರ್ಡಿಗೆ ಫೋನ್ ಮಾಡಿ ಮತ್ತೆ ರಕ್ತ ತೆಗೆಸುವ ಅಭ್ಯಾಸ ನಿಮಗಿದೆಯೇ? ಅದು ಜೊತೆಯಲ್ಲಿ ನಿಂತು ಕೆಲಸ ನೋಡಿದವರಿಗೇ ಗೊತ್ತು.

ಕೆನಡಾದಲ್ಲಿ ಮೊದಲು ದಾಖಲೆಗಳ ಮೌಲ್ಯಮಾಪನ, ಆಮೇಲೆ ರಾಷ್ಟ್ರೀಯ ಪರೀಕ್ಷೆ. ಒಂಟಾರಿಯೊದಂಥ ಪ್ರಾಂತ್ಯಗಳಲ್ಲಿ ಅಲ್ಲಿನ ನಿಯಂತ್ರಣ ಸಂಸ್ಥೆಯ ನೋಂದಣಿಯೂ ಕಡ್ಡಾಯ. ಆಸ್ಟ್ರೇಲಿಯದಲ್ಲಿ ಈ ವೃತ್ತಿಗೆ ಕಡ್ಡಾಯ ಸರ್ಕಾರಿ ನೋಂದಣಿಯೇ ಇಲ್ಲ, ಆದರೆ ವಲಸೆಗೆ ಎಐಎಂಎಸ್ ಎಂಬ ಅಲ್ಲಿನ ವೃತ್ತಿಪರ ಸಂಸ್ಥೆಯ ಕೌಶಲ ಮೌಲ್ಯಮಾಪನ ಬೇಕಾಗುತ್ತದೆ.

ಆದ್ದರಿಂದ ಮೊದಲು ದೇಶವನ್ನು ಆರಿಸಿಕೊಳ್ಳಿ, ಪರೀಕ್ಷೆಯ ಶುಲ್ಕ ಆಮೇಲೆ ಕಟ್ಟಿ. ಯಾವ ದೇಶವಾದರೂ ಪಠ್ಯಕ್ರಮದ ವಿವರ, ಪ್ರತಿ ವಿಭಾಗದಲ್ಲಿ ಕಳೆದ ಗಂಟೆಗಳ ಲೆಕ್ಕ, ಮೇಲ್ವಿಚಾರಕರ ಸಹಿಯುಳ್ಳ ಪತ್ರ ಇವನ್ನು ಈಗಲೇ ತೆಗೆದಿಡಿ. ನಾನು ಕೇಳಲು ಹೋಗುವಷ್ಟರಲ್ಲಿ ನನಗೆ ತರಬೇತಿ ಕೊಟ್ಟವರು ನಿವೃತ್ತರಾಗಿದ್ದರು. ಒಂದು ಸಹಿಗಾಗಿ ಎಂಟು ತಿಂಗಳು ಕಾದೆ.