ಎರ್ರಗುಡಿಯ ಅಶೋಕ ಶಾಸನಗಳಿಗೆ ಹೋಗುವ ದಾರಿ

ಪ್ರಶ್ನೆ: ನಾನು ಆದವಾನಿಯ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಶಿಕ್ಷಕಿ. ಒಂಬತ್ತನೆಯ ತರಗತಿಯ 20 ಮಕ್ಕಳನ್ನು ಆಂಧ್ರದ ಕರ್ನೂಲು ಜಿಲ್ಲೆಯ ಎರ್ರಗುಡಿಯ ಅಶೋಕ ಶಾಸನಗಳಿಗೆ ಕರೆದೊಯ್ಯಬೇಕೆಂದಿದ್ದೇವೆ. ಹೆಚ್ಚು ನಡೆಯಲಾಗದ ನಿವೃತ್ತ ಮೇಷ್ಟ್ರೊಬ್ಬರೂ ನಮ್ಮೊಂದಿಗೆ ಬರುತ್ತಾರೆ. ರೈಲು, ಬಸ್ಸುಗಳಲ್ಲೇ ಒಂದು ದಿನದಲ್ಲಿ ಹೋಗಿ ಬರಬಹುದೇ?
– ಓದುಗರು, ಆದವಾನಿ

ಉತ್ತರ: ರೈಲೋ ಬಸ್ಸೋ ಎಂದು ಯೋಚಿಸುವುದಕ್ಕೆ ಮೊದಲು, ಬಂಡೆಗಳ ಮುಂದೆ ಎಷ್ಟು ಹೊತ್ತಿಗೆ ನಿಲ್ಲಬೇಕೆಂಬುದನ್ನು ಗೊತ್ತುಮಾಡಿಕೊಳ್ಳಿ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಕೊರೆದ ಬ್ರಾಹ್ಮಿ ಅಕ್ಷರಗಳು ಬಿಸಿಲು ಮಳೆಗಳಿಗೆ ಸವೆದಿವೆ. ನಡುಹಗಲಿನ ಬಿಸಿಲು ನೆತ್ತಿಯ ಮೇಲಿಂದ ಬಿದ್ದಾಗ ಅಕ್ಷರದ ಗೆರೆಗಳಲ್ಲಿ ನೆರಳು ನಿಲ್ಲುವುದಿಲ್ಲ, ಮಕ್ಕಳಿಗೆ ಬರಿಯ ಬಂಡೆ ಕಾಣುತ್ತದೆ. ಬೆಳಗಿನ ಎಳೆಬಿಸಿಲು ಅಥವಾ ಸಂಜೆಯ ಇಳಿಬಿಸಿಲು ಓರೆಯಾಗಿ ಬೀಳುವಾಗ ಅದೇ ಬಂಡೆಯ ಸಾಲುಗಳು ಎದ್ದು ಕಾಣುತ್ತವೆ. ಆದ್ದರಿಂದ ಎಂಟು ಗಂಟೆಯೊಳಗೆ ತಲುಪುವುದು, ಇಲ್ಲವೇ ನಾಲ್ಕರ ನಂತರ ಅಲ್ಲಿರುವುದು – ಈ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ. ಮಕ್ಕಳಿದ್ದಾರೆಂಬ ಕಾರಣಕ್ಕೆ ನಾನು ಬೆಳಗನ್ನೇ ಸೂಚಿಸುತ್ತೇನೆ.

ಈ ಲೆಕ್ಕಕ್ಕೆ ರೈಲು ಹೊಂದುವುದಿಲ್ಲ. ನಿಮ್ಮೂರು ರಾಯಚೂರು–ಗುಂತಕಲ್ ಮಾರ್ಗದಲ್ಲಿದೆ. ಎರ್ರಗುಡಿಗೆ ಹತ್ತಿರವಿರುವ ಗುತ್ತಿ ಪಟ್ಟಣಕ್ಕೆ ನೇರ ಗಾಡಿ ಸಿಗದಿದ್ದರೆ ಗುಂತಕಲ್ಲಿನಲ್ಲಿ ಗಾಡಿ ಬದಲಿಸಬೇಕು. ಗುತ್ತಿಯ ರೈಲು ನಿಲ್ದಾಣ ಹಳೆಯ ಊರಿನಿಂದ ದೂರವಿರುವುದರಿಂದ ಅಲ್ಲಿಂದ ಆಟೊ ಹಿಡಿದು ಬಸ್ ನಿಲ್ದಾಣಕ್ಕೆ ಬಂದು, ಪತ್ತಿಕೊಂಡದ ಕಡೆಗೆ ಹೋಗುವ ಬಸ್ಸಿಗೆ ಕಾಯಬೇಕು. ಗುತ್ತಿಯಿಂದ ಎರ್ರಗುಡಿ ಸುಮಾರು 13 ಕಿಲೋಮೀಟರ್ ಮಾತ್ರ. ದೂರ ಕಡಿಮೆಯಾದರೂ ಪ್ರತಿ ಬದಲಾವಣೆಯಲ್ಲೂ ಕಾಯುವ ಹೊತ್ತು ಸೇರಿ ಬೆಳಗಿನ ಬೆಳಕು ಕೈತಪ್ಪುತ್ತದೆ. ಹೋಗುವುದಕ್ಕಿಂತ ಹಿಂತಿರುಗುವುದೇ ಕಷ್ಟ: ರಸ್ತೆಬದಿಯಲ್ಲಿ 20 ಮಕ್ಕಳನ್ನು ನಿಲ್ಲಿಸಿಕೊಂಡು, ತುಂಬಿ ಬರುವ ಬಸ್ಸಿಗೆ ಕೈ ತೋರಿಸುವ ಸ್ಥಿತಿ ಯಾವ ಶಿಕ್ಷಕರಿಗೂ ಬೇಡ.

ಆದ್ದರಿಂದ ಮಿನಿಬಸ್ಸೊಂದನ್ನು ಇಡೀ ದಿನಕ್ಕೆ ಗೊತ್ತುಮಾಡಿ, ಪತ್ತಿಕೊಂಡ, ತುಗ್ಗಲಿ ಮಾರ್ಗವಾಗಿ ಹೋಗಿ. ಎರಡು ಗಂಟೆಯ ಪ್ರಯಾಣವೆಂದು ಹಿಡಿದು ಬೆಳಗಿನ ಐದೂವರೆಗೆ ಹೊರಡಿ. ಬಾಡಿಗೆ ಮಾತಾಡುವಾಗ ಕಿಲೋಮೀಟರ್ ಲೆಕ್ಕವಷ್ಟೇ ಸಾಲದು. ಕಾಯುವ ಹೊತ್ತಿನ ಹಣ, ಚಾಲಕರ ಊಟ ಇವನ್ನೂ ಮೊದಲೇ ಇತ್ಯರ್ಥ ಮಾಡಿಕೊಳ್ಳಿ, ಮತ್ತು ಗಾಡಿ ನಿಮ್ಮನ್ನು ಇಳಿಸಿ ಬೇರೆ ಬಾಡಿಗೆಗೆ ಹೋಗಬಾರದೆಂದು ಸ್ಪಷ್ಟವಾಗಿ ಹೇಳಿ. ಬಳ್ಳಾರಿಯಿಂದ ಗಾಡಿ ತರಿಸುವುದಾದರೆ ಆಂಧ್ರದೊಳಗೆ ಓಡಿಸುವ ಪರ್ಮಿಟ್ ಇದೆಯೇ ಎಂದು ನೋಡಿ. ಆದವಾನಿಯ ಗಾಡಿಗೆ ಈ ತೊಡಕಿಲ್ಲ. ಎರ್ರಗುಡಿ ಎಂಬ ಹೆಸರಿನ ಬೇರೆ ಊರುಗಳೂ ರಾಯಲಸೀಮೆಯಲ್ಲಿ ಇರುವುದರಿಂದ ಮೊಬೈಲಿನ ನಕ್ಷೆಯನ್ನು ಮಾತ್ರ ನಂಬಬೇಡಿ. ಕರ್ನೂಲು ಜಿಲ್ಲೆ, ತುಗ್ಗಲಿ ಮಂಡಲ, ಜೊನ್ನಗಿರಿಯ ಹತ್ತಿರ ಎಂದು ಚಾಲಕರಿಗೆ ಬರೆದುಕೊಡಿ.

ಮೇಷ್ಟ್ರಿಗಾಗಿ ಒಂದು ಮಡಚುವ ಕುರ್ಚಿ ಒಯ್ಯಿರಿ. ಎಲ್ಲ ಬಂಡೆಗಳನ್ನೂ ಸುತ್ತಿ ನೋಡಲು ಅವರಿಗೆ ಆಗದಿದ್ದರೂ, ನಿಧಾನವಾಗಿ ನಡೆಸಿಕೊಂಡು ಹೋಗಿ ಒಂದು ಬಂಡೆಯನ್ನಾದರೂ ಹತ್ತಿರದಿಂದ ತೋರಿಸಿ. ಕುಡಿಯುವ ನೀರು, ತಿಂಡಿ, ಟೋಪಿ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಎಲ್ಲವೂ ನಿಮ್ಮೊಂದಿಗೇ ಇರಲಿ. ಬಂಡೆಗಳ ಸಂದಿಗೆ ಮಕ್ಕಳು ಕೈಹಾಕದಂತೆ ನೋಡಿಕೊಳ್ಳಿ, ಅಲ್ಲಿ ಚೇಳು, ಹಾವುಗಳಿರಬಹುದು.

ಇಷ್ಟು ಶ್ರಮಕ್ಕೆ ಈ ಜಾಗ ಯೋಗ್ಯವೇ ಎಂದು ಪಾಲಕರು ಕೇಳಿದರೆ, ಅನುಮಾನವಿಲ್ಲದೆ ಹೌದೆನ್ನಿ. ಮಸ್ಕಿ, ಬ್ರಹ್ಮಗಿರಿಗಳಲ್ಲಿ ಇರುವುದು ಅಶೋಕನ ಲಘು ಶಾಸನ ಮಾತ್ರ. ಎರ್ರಗುಡಿಯಲ್ಲಿ ಹದಿನಾಲ್ಕು ಪ್ರಧಾನ ಶಾಸನಗಳೂ ಲಘು ಶಾಸನಗಳೂ ಒಂದೇ ಕಡೆ ಇವೆ. ಇವು ಬೆಳಕಿಗೆ ಬಂದದ್ದು 1929ರಲ್ಲಿ, ಅನು ಘೋಷ್ ಎಂಬ ಭೂವಿಜ್ಞಾನಿಯಿಂದ. ಲಘು ಶಾಸನದ ಕೆಲವು ಸಾಲುಗಳನ್ನು, ಹೊಲ ಉಳುವ ಎತ್ತು ಕೊನೆಯಲ್ಲಿ ತಿರುಗಿ ಬರುವಂತೆ, ಒಂದನ್ನು ಎಡದಿಂದ ಬಲಕ್ಕೂ ಮುಂದಿನದನ್ನು ಬಲದಿಂದ ಎಡಕ್ಕೂ ಕೊರೆಯಲಾಗಿದೆ. ರಾಜಾಜ್ಞೆಯನ್ನು ಭೇರಿ ಹೊಡೆಸಿ ಜನರಿಗೆ ತಿಳಿಸಬೇಕೆಂಬ ಮಾತೂ, ಆನೆ ಸವಾರರು, ಕರಣಿಕರು ಮೊದಲಾದವರಿಗೆ ಕೊಟ್ಟ ಆಜ್ಞೆಯೂ ಅದರಲ್ಲಿದೆ. ಹೊರಡುವ ವಾರದಲ್ಲಿ ಎರಡನೆಯ ಪ್ರಧಾನ ಶಾಸನದ ಕನ್ನಡ ಅನುವಾದವನ್ನು ತರಗತಿಯಲ್ಲಿ ಓದಿಸಿ. ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆ ಏರ್ಪಡಿಸಿದ್ದನ್ನೂ, ದಾರಿಗಳಲ್ಲಿ ಬಾವಿ ತೋಡಿಸಿ ಮರ ನೆಡಿಸಿದ್ದನ್ನೂ ಅದು ಹೇಳುತ್ತದೆ. ಆ ಮಾತನ್ನು ತಿಳಿದು ಬಂಡೆಯ ಮುಂದೆ ನಿಂತ ಮಗು ಅಕ್ಷರಗಳನ್ನು ತಾನಾಗಿಯೇ ಹುಡುಕುತ್ತದೆ.

ಅಕ್ಷರ ಚೆನ್ನಾಗಿ ಕಾಣಲೆಂದು ಸೀಮೆಸುಣ್ಣ ತುಂಬುವುದು, ಎಣ್ಣೆ ಸವರುವುದು ಖಂಡಿತ ಕೂಡದು. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ ಎರಡು ವರ್ಷಗಳವರೆಗೆ ಸೆರೆವಾಸ ವಿಧಿಸಲು ಕಾನೂನಿನಲ್ಲಿ ಅವಕಾಶವಿದೆ.

ಹತ್ತು ಗಂಟೆಗೆ ಅಲ್ಲಿಂದ ಹೊರಟರೆ ಗುತ್ತಿಯ ಕೋಟೆಗೋ ಪತ್ತಿಕೊಂಡಕ್ಕೋ ಹೋಗಲು ಸಮಯವಿರುತ್ತದೆ. ಬೆಟ್ಟ ಹತ್ತಬೇಕಾದ ಗುತ್ತಿಗಿಂತ, ಹಿಂತಿರುಗುವ ದಾರಿಯಲ್ಲೇ ಸಿಗುವ ಪತ್ತಿಕೊಂಡ ನಿಮ್ಮ ಮೇಷ್ಟ್ರಿಗೆ ಅನುಕೂಲ. ಮದ್ರಾಸಿನ ಗವರ್ನರ್ ಆಗಿದ್ದ ಥಾಮಸ್ ಮನ್ರೋ 1827ರಲ್ಲಿ ಕಾಲರಾದಿಂದ ತೀರಿಕೊಂಡದ್ದು ಅಲ್ಲಿಯೇ.

ಪ್ರಶ್ನೆ: ಮುಂಗಾರು ಶುರುವಾದಾಗ ಬಿಸಿಲು ತಗ್ಗಿರುತ್ತದೆ. ಆಗ ಎರ್ರಗುಡಿಗೆ ಹೋಗಬಹುದೇ?
– ಓದುಗರು, ಗುಂತಕಲ್

ಉತ್ತರ: ಬೇಡವೆಂದು ನನ್ನ ಸಲಹೆ. ಮೋಡ ಕವಿದ ದಿನ ಓರೆಬಿಸಿಲು ಸಿಗುವುದಿಲ್ಲ, ನೆನೆದ ಬಂಡೆ ಜಾರುತ್ತದೆ. ಅಲ್ಲದೆ ಮೊದಲ ಮಳೆ ಬಿದ್ದೊಡನೆ ಜೊನ್ನಗಿರಿ, ತುಗ್ಗಲಿಯ ಹೊಲಗಳಲ್ಲಿ ವಜ್ರ ಹುಡುಕಲು ದೂರದೂರದಿಂದ ಜನ ಬರುತ್ತಾರೆ. ಆ ದಿನಗಳಲ್ಲಿ ಆಟೊ, ವಸತಿಗಳಿಗೆ ಬೇಡಿಕೆ ಹೆಚ್ಚುತ್ತದೆ. ನವೆಂಬರಿನಿಂದ ಫೆಬ್ರವರಿಯವರೆಗಿನ ಯಾವ ದಿನವಾದರೂ ಒಳ್ಳೆಯದು. ಹಿಂದಿನ ರಾತ್ರಿ ಗುತ್ತಿಯಲ್ಲಿ ಉಳಿದರೆ, ಬೆಳಗಿನ ಆರೂವರೆಗೆ ಒಂದು ಆಟೊ ಹಿಡಿದು, ಹೋಗಿಬರುವುದಕ್ಕೂ ಕಾಯುವುದಕ್ಕೂ ಸೇರಿಸಿ ಬಾಡಿಗೆ ಮಾತಾಡಿಕೊಂಡು ಹೊರಡಬಹುದು.